ಶ್ರೀಖಂಡದ ಡಬ್ಬಿಯ ಅಂಟು

ಅಂಗಡಿಗೆ ಸುಣ್ಣ ಬಳಿಸಬೇಕೆಂದು ಕಳೆದ ವಾರ ಮೇಲಿನ ಹಲಗೆಯ ಸಾಮಾನು ಒಂದೊಂದಾಗಿ ಇಳಿಸುತ್ತಿದ್ದೆ. ಸ್ಟೂಲಿನ ಮೇಲೆ ಹತ್ತಿ ಇಳಿಯುವ ವಯಸ್ಸು ನನ್ನದಲ್ಲ, ಆದರೆ ಹೇಳಿದರೆ ಕೇಳುವವರು ಯಾರು? ಮೂಲೆಯಲ್ಲಿ ಪೇಢೆಯ ರಟ್ಟಿನ ಪೆಟ್ಟಿಗೆಯೊಂದಿತ್ತು. ಅದರ ಮುಚ್ಚಳ ತೆಗೆದ ಕೂಡಲೇ ಅಂಟಿಗೆ ಬೆರೆಸುವ ಹಾರ್ಡ್‌ನರಿನ ವಾಸನೆ ಮೂಗಿಗೆ ಹೊಡೆಯಿತು. ಎರಡು ದಿನ ಬಳಿಯದೆ ಬಿಟ್ಟ ಕೊಟ್ಟಿಗೆಯ ಗಂಜಳದ ಹಾಗೆ ಕಣ್ಣಿಗೂ ಹತ್ತುವ ವಾಸನೆ ಅದು. ಒಳಗೆ ಶ್ರೀಖಂಡದ ಖಾಲಿ ಪ್ಲಾಸ್ಟಿಕ್ ಡಬ್ಬಿಗಳು, ಒಂದೊಂದರ ತಳದಲ್ಲೂ ಒಣಗಿದ ಅಂಟು, ಅಂಟಿನ ಮೇಲೆ ನನ್ನ ಅಕ್ಷರದ ಚೀಟಿ. ನಾನು ಸ್ಟೂಲಿನ ಮೇಲೆಯೇ ಕುಳಿತುಬಿಟ್ಟೆ. ಆ ಮಳೆಗಾಲವನ್ನು ಮರೆತೆ ಅಂದುಕೊಂಡಿದ್ದೆ. ಎಲ್ಲಿಯ ಮರೆವು!

ನಮ್ಮದು ರಾಯಬಾಗದ ಹೊರಗೆ, ರಸ್ತೆಗೆ ಮುಖ ಮಾಡಿದ ಮನೆ. ಮುಂದಿನ ಕೋಣೆಯಲ್ಲಿ ಮೋಟಾರು ರಿಪೇರಿಯ ಅಂಗಡಿ, ನಡುವೆ ಅಡುಗೆಮನೆ, ಹಿಂದೆ ಎಮ್ಮೆಗಳ ಕೊಟ್ಟಿಗೆ. ಅಂಗಡಿ ನನ್ನ ಯಜಮಾನರದು. ಕೊಟ್ಟಿಗೆ ಅತ್ತೆಯದು. ಅತ್ತೆಯನ್ನು ಮನೆಯವರೆಲ್ಲ ಆಯಿ ಎನ್ನುತ್ತೇವೆ, ಓಣಿಯವರೂ ಹಾಗೇ ಕರೆಯುತ್ತಾರೆ. ನಡುವಿನ ಅಡುಗೆಮನೆ ನನ್ನದು, ಅಂದರೆ ಎರಡೂ ಕಡೆಯ ಚಾಕರಿ ನನ್ನದು ಎಂದರ್ಥ.

ಆ ವರ್ಷ ಶ್ರಾವಣದಲ್ಲಿ ಕೃಷ್ಣೆ ಏರಿ ಬಂದಳು. ದಂಡೆಯ ಮೇಲಿನ ಪಂಪುಗಳನ್ನು ಎತ್ತಿಕೊಳ್ಳಲು ರೈತರಿಗೆ ಪುರುಸೊತ್ತೇ ಸಿಗಲಿಲ್ಲ. ನೀರು ಇಳಿದ ಮೇಲೆ ದಿಗ್ಗೇವಾಡಿಯಿಂದ, ಅತ್ತ ಅಥಣಿಯ ಕಡೆಯಿಂದ, ಐಗಳಿಯಿಂದ ಕೂಡ ಕೆಸರು ಮೆತ್ತಿದ ಮೋಟಾರುಗಳು ಟ್ರ್ಯಾಕ್ಟರಿನಲ್ಲಿ ಬಂದು ನಮ್ಮ ಅಂಗಳದಲ್ಲಿ ಬಿದ್ದವು. ಮನೆಯೊಳಗೆ ಹೋಗಬೇಕೆಂದರೆ ಅವುಗಳ ನಡುವೆ ಕಾಲಿಡಲು ಜಾಗ ಹುಡುಕಬೇಕಿತ್ತು. ತಂತಿ ಸುತ್ತುವ ಕೆಲಸವನ್ನು ಯಜಮಾನರು ಮಾಡುತ್ತಿದ್ದರು. ಆದರೆ ನೀರೊಳಗೆ ಇಳಿಯುವ ಮೋಟಾರಿಗೆ ಅಷ್ಟು ಸಾಲದು. ಅದರ ಕೇಬಲ್ ಜೋಡಿಸಿದ ಜಾಗದ, ಅಂದರೆ ಜಾಯಿಂಟಿನ ಸುತ್ತ ಎಪಾಕ್ಸಿ ಅಂಟು ಸುರಿದು, ಕಲ್ಲಿನಷ್ಟು ಗಟ್ಟಿಯಾಗಿಸಿ, ಒಂದು ಹನಿಯೂ ಒಳಗೆ ಹೋಗದ ಹಾಗೆ ಮುಚ್ಚಬೇಕು. ಎರಡು ಡಬ್ಬಿಯ ಅಂಟು ಅದು. ಒಂದರಲ್ಲಿ ರೆಜಿನ್, ಇನ್ನೊಂದರಲ್ಲಿ ಹಾರ್ಡ್‌ನರ್. ಬೇರೆ ಬೇರೆ ಇದ್ದರೆ ಎರಡೂ ವರ್ಷಗಟ್ಟಲೆ ಸುಮ್ಮನಿರುತ್ತವೆ. ಕಲಸಿದರೆ ಮುಗಿಯಿತು, ಅರ್ಧ ಗಂಟೆಯಲ್ಲಿ ಕೆಲಸ ಆಗಲೇಬೇಕು.

ಹದಿನೈದು ವರ್ಷ ಯಜಮಾನರು ಅದನ್ನು ಬರಿಗೈಯಲ್ಲೇ ಕಲಸಿದ್ದರು. ಬೆರಳಲ್ಲೇ ತಿರುವಿ, ಬೆರಳಲ್ಲೇ ಬಳಿದು, ಬಟ್ಟೆಗೆ ಒರೆಸಿಕೊಂಡು ಊಟಕ್ಕೆ ಬರುವವರು. ಆ ಸಲ ಕೆಲಸ ಮಿತಿಮೀರಿತು, ಕೈ ಸೇಡು ತೀರಿಸಿಕೊಂಡಿತು. ಅಂಗೈ, ಬೆರಳು, ಮಣಿಕಟ್ಟು ಎಲ್ಲ ಕಡೆ ಗುಳ್ಳೆ ಎದ್ದು, ಒಡೆದು, ನೀರು ಸೋರತೊಡಗಿತು. ಚಿಕ್ಕೋಡಿಯ ಡಾಕ್ಟರು ಕೈ ನೋಡಿ, "ಇನ್ನ ಮ್ಯಾಲ ಆ ಅಂಟ ಮುಟ್ಟಬ್ಯಾಡ್ರಿ. ಅದರ ಸನೇಕೂ ಹೋಗಬ್ಯಾಡ್ರಿ" ಎಂದರು. ಯಜಮಾನರು ಮನೆಗೆ ಬಂದು, ಕೈಗೆ ಬಟ್ಟೆ ಸುತ್ತಿಕೊಂಡು, ಅಂಗಡಿ ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತರು. ಅಂಗಳದ ತುಂಬ ಮೋಟಾರು.

"ಜಾಯಿಂಟ್ ನಾ ಹಾಕ್ತೀನಿ" ಎಂದೆ. ಯಾಕೆ ಅಂದೆನೋ, ಇವತ್ತಿಗೂ ಗೊತ್ತಿಲ್ಲ. ಸುಮ್ಮನೆ ರೊಟ್ಟಿ ಬಡಿದುಕೊಂಡು ಇರಬಹುದಿತ್ತು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಾಕು. ಆದರ ಒಂದ ಮಾತ ಹೇಳ್ತೀನಿ, ಸುನಂದಾ. ನನ್ನ ಜಾಯಿಂಟ್ ಇನ್ನೂತನಾ ಒಂದೂ ತಿರುಗಿ ಬಂದಿಲ್ಲ. ಮೂರ ಮೋಟರ್ ತಿರುಗಿ ಬಂದ್ವು ಅಂದ್ರ ನಾ ಶಟರ್ ಎಳೀತೀನಿ. ಹೆಸರ ಕೆಟ್ಟ ಮ್ಯಾಲ ಅಂಗಡ್ಯಾಗ ಕುಂತ ಏನ ಮಾಡೂದು? ಸಕ್ಕರಿ ಕಾರ್ಖಾನಿ ಗೇಟ್ ಕಾಯಾಕ ಹೋಗ್ತೀನಿ."

ಹಟ ಹಿಡಿದರೆ ಮಾಡಿಯೇ ಬಿಡುವ ಮನುಷ್ಯ. ಅವರು ಗೇಟಿನಲ್ಲಿ ಕೋಲು ಹಿಡಿದು ನಿಂತದ್ದು ಕಣ್ಣಿಗೆ ಕಟ್ಟಿತು.

ಯಜಮಾನರು ಬೆರಳಲ್ಲಿ ಮಾಡಿದ್ದಕ್ಕೆಲ್ಲ ನನಗೆ ಪಾತ್ರೆ ಬೇಕಾಯಿತು. ಅಡುಗೆಮನೆಯಿಂದ ಸ್ಟೀಲಿನ ಬಟ್ಟಲು ಒಯ್ದೆ. ಅಂಟು ಬಟ್ಟಲಿಗೇ ಹಿಡಿದುಕೊಂಡಿತು, ಸುತ್ತಿಗೆಯಿಂದ ಬಡಿದರೂ ಬಿಡಲಿಲ್ಲ. ಚಹಾ ಅಂಗಡಿಯ ಕಾಗದದ ಕಪ್ಪು ತಂದೆ. ಕಲಸುವಾಗ ಅದರ ಒಳಗಿನ ಮೇಣ ಕಿತ್ತು ಅಂಟಿನಲ್ಲಿ ಬೆರೆಯಿತು. ಥರ್ಮಾಕೋಲ್ ಕಪ್ಪಿನ ಬಗ್ಗೆ ನಂಬಿಕೆಯೇ ಹುಟ್ಟಲಿಲ್ಲ. ಕಡೆಗೆ ಕೈಗೆ ಸಿಕ್ಕಿದ್ದು ಶ್ರೀಖಂಡದ ಡಬ್ಬಿ. ನಮ್ಮ ಕಡೆ ಹಬ್ಬ ಬಂದರೆ ಮನೆಮನೆಯಲ್ಲೂ ಅವು ಹತ್ತಾರು ಉಳಿಯುತ್ತವೆ, ಯಾರೂ ಎಸೆಯುವುದಿಲ್ಲ. ಮೆತ್ತನೆಯ ಪ್ಲಾಸ್ಟಿಕ್. ಅಂಟು ಒಣಗಿದ ಮೇಲೆ ಡಬ್ಬಿಯನ್ನು ಸ್ವಲ್ಪ ಹಿಚುಕಿದರೆ ಸಾಕು, ಬಿಲ್ಲೆ ಟಪ್ಪೆಂದು ಹೊರಗೆ ಬರುತ್ತದೆ, ಡಬ್ಬಿ ಮತ್ತೆ ಕೆಲಸಕ್ಕೆ ಬರುತ್ತದೆ. ತಿರುವಲು ಐಸ್‌ಕ್ಯಾಂಡಿಯ ಕಡ್ಡಿ. ಅಳೆಯಲು ಕೆಮ್ಮಿನ ಔಷಧಿಯ ಬಾಟಲಿಯ ಮೇಲಿನ ಗೆರೆಯಿರುವ ಮುಚ್ಚಳ. ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟು, ಮಣಿಕಟ್ಟಿಗೆ ರಬ್ಬರು ಹಾಕಿಕೊಳ್ಳುತ್ತಿದ್ದೆ. ಮಳೆಯ ತೇವ ತಗುಲಬಾರದೆಂದು ಹಾರ್ಡ್‌ನರನ್ನು ಹಳೆಯ ಹಿಟ್ಟಿನ ಡಬ್ಬಿಯೊಳಗೆ ಅಕ್ಕಿಯ ಪುಡಿಕೆಯ ಜೊತೆ ಇಟ್ಟೆ. ಎರಡು ಡಬ್ಬಿಯ ಮುಚ್ಚಳ ಅದಲುಬದಲಾದರೆ ಅಲ್ಲೇ ಅಂಟಿಕೊಂಡು, ಜನ್ಮದಲ್ಲಿ ಮತ್ತೆ ತೆಗೆಯಲಾಗುವುದಿಲ್ಲ. ಅದಕ್ಕೆ ರೆಜಿನ್ ಮುಚ್ಚಳಕ್ಕೆ ಕೆಂಪು ದಾರ ಕಟ್ಟಿದೆ, ಹಾರ್ಡ್‌ನರಿಗೆ ಬಿಳಿ.

ಉಳಿದ ರೆಜಿನನ್ನು ಒಂದು ಗಾಜಿನ ಭರಣಿಗೆ ಸುರಿದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದೆ, ಅರ್ಧ ತಾಸಿನ ಮಟ್ಟಿಗೆ. ಅಷ್ಟರಲ್ಲೇ ಆಯಿಯ ಕಣ್ಣಿಗೆ ಬಿತ್ತು.

"ಜೇನ ತಂದೀಯೇನ ಮನ್ಯಾಗ?" ಆಯಿಯ ದನಿ ರಸ್ತೆಗೆ ಕೇಳಿಸಿತು. ನಮ್ಮದು ಜೈನರ ಮನೆ, ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಮನೆ. ಜೇನು ನಮ್ಮ ಹೊಸ್ತಿಲು ದಾಟುವುದಿಲ್ಲ.

"ಜೇನ ಅಲ್ರಿ ಆಯಿ, ಮೋಟರ್ ಅಂಟ್ರಿ."

"ಮತ್ತ ಬಣ್ಣ ಯಾಕ ಜೇನಿಂದು ಐತಿ?"

"ಅದನ್ನ ಮಾಡಿದವ್ರನ್ನ ಕೇಳ್ರಿ!"

ಆಯಿ ಭರಣಿಯನ್ನು ಸೆರಗಿನಲ್ಲಿ ಹಿಡಿದು ತಾನೇ ಅಂಗಡಿಗೆ ತಂದಿಟ್ಟರು. ಇಟ್ಟು, ಅಲ್ಲೇ ನಿಂತು ನನ್ನ ಕೆಲಸ ನೋಡಿದರು. ನಾನು ಒಂದು ಕೈಯಲ್ಲಿ ಕೇಬಲ್, ಇನ್ನೊಂದರಲ್ಲಿ ಅಂಟು ಸುರಿಯುವ ಅಚ್ಚಿಗೆಂದು ಪೈಪಿನ ತುಂಡು ಹಿಡಿದು, ಬಾಯಲ್ಲಿ ಟೇಪು ಕಚ್ಚಿಕೊಂಡು ಒದ್ದಾಡುತ್ತಿದ್ದೆ. ದೊಡ್ಡ ಜಾಯಿಂಟಿಗೆಂದು ಒಂದು ತಂಬಿಗೆಯಷ್ಟು ಅಂಟನ್ನು ಒಮ್ಮೆಲೇ ಕಲಸಿ ಇಟ್ಟಿದ್ದೆ. ಅದು ತನ್ನಷ್ಟಕ್ಕೆ ತಾನೇ ಕಾದು ಹೊಗೆಯಾಡತೊಡಗಿತು.

"ಯವ್ವಾ, ಅದು ಕುದ್ಯಾಕತ್ತೈತಿ!" ಎಂದರು ಆಯಿ. "ಬಿಸಿ ಹಾಲ ಆರಸಬೇಕಂದ್ರ ತಂಬಗ್ಯಾಗ ಇಡ್ತಾರೇನ ಯಾರರ? ಪರಾತದಾಗ ಸುರುವಬೇಕು."

ಪರಾತ ಅಂದರೆ ನಮ್ಮ ಅಗಲದ ತಾಟು. ಆ ಸಲದ ಅಂಟು ಹಾಳಾಯಿತು. ಮುಂದಿನ ಸಲ ಆಯಿ ಹೇಳಿದ ಹಾಗೆ ಕಲಸಿದ್ದನ್ನು ಅಗಲವಾದ ಡಬ್ಬಿಯಲ್ಲಿ ತೆಳ್ಳಗೆ ಹರಡಿಟ್ಟೆ. ಕಾಯಲೂ ಇಲ್ಲ, ಹೊಗೆಯಾಡಲೂ ಇಲ್ಲ, ನಿಧಾನವಾಗಿ ಸುರಿಯಲು ಬೇಕಾದಷ್ಟು ಹೊತ್ತು ಸಿಕ್ಕಿತು. ಬಾಗಿಲಲ್ಲಿ ಕುಳಿತಿದ್ದ ಯಜಮಾನರು, "ಹದಿನೈದ ವರ್ಷ ನನಗ ಇದು ಹೊಳೀಲಿಲ್ಲ ನೋಡ ಆಯಿ" ಎಂದರು. ಮರುದಿನ ಆಯಿ ಎಮ್ಮೆ ಹಿಂಡಿ, ಹಾಲು ಹಾಕಿ, ಸೀರೆ ಮೇಲಕ್ಕೆ ಕಟ್ಟಿ, ಕೈಗೆ ಚೀಲ ತೊಟ್ಟು ನನ್ನ ಪಕ್ಕದಲ್ಲಿ ಬಂದು ಕುಳಿತರು.

ಅವತ್ತಿನಿಂದ ಅಳೆಯುವುದು, ಕಲಸುವುದು ಆಯಿಯ ಕೆಲಸ. ಹಿಡಿಯುವುದು, ಸುರಿಯುವುದು ನನ್ನದು. ಮೂವತ್ತು ವರ್ಷ ಹಿತ್ತಲ ಬಾಗಿಲಲ್ಲಿ ಮಾಪು ಹಿಡಿದು ಓಣಿಗೆಲ್ಲ ಹಾಲು ಅಳೆದ ಕೈ ಅದು. ಎರಡು ಮುಚ್ಚಳ ರೆಜಿನ್ ಹಾಕಿದರೆ ಒಂದು ಮುಚ್ಚಳ ಹಾರ್ಡ್‌ನರ್. ಆಯಿ ಸುರಿದರೆ ಗೆರೆಗೆ ಸರಿಯಾಗಿ ನಿಲ್ಲುತ್ತಿತ್ತು. ನಾನು ಒಮ್ಮೆ ಮುಚ್ಚಳ ನೋಡಿ, ಸರಿ ಐತ್ರಿ ಎಂದು ಕೇಬಲ್ಲಿನ ಕಡೆ ತಿರುಗುತ್ತಿದ್ದೆ. ಭಾದ್ರಪದದಲ್ಲಿ ಪರ್ಯೂಷಣ ಬಂತು. ಹತ್ತು ದಿನ ಆಯಿಯದು ಒಪ್ಪೊತ್ತಿನ ಊಟ. ಬ್ಯಾಡ್ರಿ, ಮಲಗ್ರಿ ಎಂದರೂ ಕೇಳಲಿಲ್ಲ. ಹಸಿದ ಹೊಟ್ಟೆಯಲ್ಲೇ ಕುಳಿತು ಕಲಸಿದರು. ನನಗೂ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಬೆಳಗ್ಗೆ ಎದ್ದರೆ ರೊಟ್ಟಿ, ರೊಟ್ಟಿ ಮುಗಿದರೆ ಜಾಯಿಂಟ್, ಜಾಯಿಂಟ್ ಮುಗಿದರೆ ಮತ್ತೆ ರೊಟ್ಟಿ. ಹೊರಗೆ ಮಳೆ ಜಿಟಿಜಿಟಿ ಹಿಡಿದೇ ಇತ್ತು. ಅಂಗಳದ ಮೋಟಾರು ಮಾತ್ರ ಕರಗಲೊಲ್ಲದು. ಕನ್ನಡಿ ನೋಡಿಕೊಂಡು ಎಷ್ಟು ದಿನವಾಯಿತು ಎಂದು ಒಮ್ಮೆ ನೆನೆಸಿ, ಆ ನೆನಪನ್ನೂ ಅಲ್ಲೇ ಬಿಟ್ಟೆ.

ಯಜಮಾನರು ಒಂದು ಪದ್ಧತಿ ಹೇಳಿಕೊಟ್ಟಿದ್ದರು. ಡಬ್ಬಿಯ ತಳದಲ್ಲಿ ಉಳಿದ ಅಂಟನ್ನು ಎಸೆಯಬಾರದು. ಅದರ ಮೇಲೆ ರೈತನ ಹೆಸರಿನ ಚೀಟಿ ಹಚ್ಚಿ ಇಡಬೇಕು. ಅದು ಗಟ್ಟಿಯಾದರೆ ಜಾಯಿಂಟೂ ಗಟ್ಟಿ. ಅದನ್ನೂ ಮಾಡಿದೆ. ಆದರೆ ಮರುದಿನ ತೆಗೆದು ನೋಡಬೇಕಿತ್ತಲ್ಲ, ಅದನ್ನು ಮಾಡಲಿಲ್ಲ. ಚೀಟಿ ಹಚ್ಚಿ ಹಲಗೆಯ ಮೇಲೆ ಒಂದರ ಮೇಲೊಂದು ಒಟ್ಟುತ್ತಾ ಹೋದೆ. ದಣಿದವರಿಗೆ ಅಷ್ಟೇ ಆಗುವುದು.

ಮೊದಲ ಮೋಟಾರು ದಸರೆಯ ಹೊತ್ತಿಗೆ ತಿರುಗಿ ಬಂತು. ದಿಗ್ಗೇವಾಡಿಯ ರೈತ ಅಣ್ಣಾಸಾಬ ಅದನ್ನು ಇಳಿಸಿ, "ಅಕ್ಕಾರ, ಹದಿನೆಂಟ ದಿನಕ್ಕ ಸುಟ್ಟತ್ರಿ. ಜಾಯಿಂಟ್‌ದಾಗ ನೀರ ಹೋಗೈತಿ" ಎಂದ. ಮೂರನೆಯ ದಿನ ಐಗಳಿಯಿಂದ ಇನ್ನೊಂದು ಬಂತು. ಯಜಮಾನರು ಬಯ್ಯಲಿಲ್ಲ. ಬಟ್ಟೆ ಸುತ್ತಿದ ಕೈಯ ಎರಡು ಬೆರಳನ್ನು ಮಾತ್ರ ಎತ್ತಿ ತೋರಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ನಾನು ಮಳೆಯನ್ನು ಬೈದೆ, ಡಬ್ಬಿಯನ್ನು ಬೈದೆ. ತೊಳೆದ ಡಬ್ಬಿಯಲ್ಲಿ ನೀರಿನ ಪಸೆ ಉಳಿದಿತ್ತೇನೋ ಎಂದು ಎಲ್ಲವನ್ನೂ ಒಲೆಯ ಪಕ್ಕ ಒಣಗಿಸಿದೆ. ಕಡ್ಡಿ ಬದಲಿಸಿದೆ. ಹಾರ್ಡ್‌ನರ್ ಹಳತಾಗಿರಬೇಕೆಂದು ನಿಪ್ಪಾಣಿಯಿಂದ ಹೊಸದು ತರಿಸಿದೆ. ಅಂಗಳದಲ್ಲಿ ಅಣ್ಣಾಸಾಬನ ಅಣ್ಣನ ಮೋಟಾರು ಇತ್ತು. ಹಿಂದಿನ ದಿನವಷ್ಟೇ ಜಾಯಿಂಟ್ ಸುರಿದದ್ದು, ಸಂಜೆ ಅಣ್ಣಾಸಾಬ ಒಯ್ಯಲು ಬರುವವನಿದ್ದ. ಅದು ತಿರುಗಿ ಬಂದರೆ ಮೂರು.

ಆಗ ಹಲಗೆಯ ಡಬ್ಬಿಗಳನ್ನು ಇಳಿಸಿ ಒಂದೊಂದನ್ನೇ ಹೆಬ್ಬೆಟ್ಟಿನಿಂದ ಒತ್ತಿದೆ. ಮೊದಲ ವಾರ ನಾನೊಬ್ಬಳೇ ಕಲಸಿದವು ಕಲ್ಲು. ಆಮೇಲಿನವು ಮೆತ್ತಗೆ, ಹೆಬ್ಬೆಟ್ಟಿನ ಗುರುತು ಮೂಡುವಷ್ಟು ಮೆತ್ತಗೆ. ಎಲ್ಲವೂ ಅಲ್ಲ, ದೊಡ್ಡ ಜಾಯಿಂಟಿನವು ಹೇಗೋ ಗಟ್ಟಿಯಾಗಿದ್ದವು. ಸಣ್ಣವೆಲ್ಲ ಮೆತ್ತಗೆ. ನನ್ನ ಕಣ್ಣೆದುರೇ ಅಳೆದದ್ದು, ಗೆರೆಗೆ ಸರಿಯಾಗಿ ನಿಂತದ್ದು. ತಲೆ ಕೆಟ್ಟುಹೋಯಿತು.

ಸಂಜೆ ಅಣ್ಣಾಸಾಬ ಬಂದು ಕುಳಿತ. ಆ ಜಾಯಿಂಟನ್ನು ಕೊಯ್ದು ಹೊಸದು ಹಾಕುತ್ತೇನೆಂದೆ. ಆಯಿ ಎಂದಿನಂತೆ ಅಳೆದರು. ಎರಡು ಮುಚ್ಚಳ ರೆಜಿನ್. ಒಂದು ಮುಚ್ಚಳ ಹಾರ್ಡ್‌ನರ್, ಗೆರೆಗೆ ಸರಿಯಾಗಿ. ಸುರಿದರು. ಆ ದಿನ ನಾನು ಕೇಬಲ್ಲಿನ ಕಡೆ ತಿರುಗಲಿಲ್ಲ, ನೋಡುತ್ತಲೇ ಇದ್ದೆ. ಆಯಿ ಬಿಳಿ ದಾರದ ಡಬ್ಬಿಯ ಮುಚ್ಚಳ ಹಾಕುವ ಮುಂಚೆ, ಏನೂ ಯೋಚಿಸದೆ, ಡಬ್ಬಿಯನ್ನು ಇನ್ನೊಮ್ಮೆ ಬಗ್ಗಿಸಿದರು. ಇನ್ನೊಂದಿಷ್ಟು ಹಾರ್ಡ್‌ನರ್ ಕೆಳಗೆ ಇಳಿಯಿತು.

ಕೊಸರು! ಹಾಲು ಅಳೆದ ಮೇಲೆ ಕೊಡುವ ಕೊಸರು. ಅಳತೆ ಮುಗಿದ ಮೇಲೆ, ಒಯ್ಯುವವರ ಪಾತ್ರೆಗೆ ಮೇಲೊಂದಿಷ್ಟು. ಮೂವತ್ತು ವರ್ಷ ಆ ಕೈ ಒಮ್ಮೆಯೂ ಬರಿಯ ಅಳತೆ ಕೊಟ್ಟಿರಲಿಲ್ಲ. ಹಾರ್ಡ್‌ನರ್ ಹೆಚ್ಚಾದರೂ ಅಂಟು ಗಟ್ಟಿಯಾಗುವುದಿಲ್ಲ. ದೊಡ್ಡ ಜಾಯಿಂಟಿನಲ್ಲಿ ಅದು ಮುಚ್ಚಿಹೋಗುತ್ತಿತ್ತು, ಸಣ್ಣದರಲ್ಲಿ ಅಂಟನ್ನು ಕೆಡಿಸುತ್ತಿತ್ತು.

ಇದನ್ನು ಮೆಲ್ಲಗೆ ಹೇಳಬಹುದಿತ್ತು. ಅಣ್ಣಾಸಾಬ ಹೋದ ಮೇಲೆ ಹೇಳಬಹುದಿತ್ತು. ಆದರೆ ಎರಡು ತಿಂಗಳ ದಣಿವು, ಆ ಎರಡು ಬೆರಳು, ಕಾರ್ಖಾನೆಯ ಗೇಟು ಎಲ್ಲ ಸೇರಿ ಬಾಯಿಗೆ ಬಂತು.

"ಆಯಿ, ಇದೇನ ಹಾಲ ಅಲ್ರಿ! ನಿಮ್ಮ ಕೊಸರಿನಿಂದ ಎರಡ ಮೋಟರ್ ಸುಟ್ಟ ಹೋದ್ವು. ಅಂಗಡಿ ಮುಚ್ಚಸಾಕ ಕುಂತೀರೇನ್ರಿ ನೀವು? ಅಳತಿ ಅಂದ್ರ ಅಳತಿ. ಇಷ್ಟ ವರ್ಷ ಅಳದ ಅದೂ ಗೊತ್ತಾಗಲಿಲ್ಲ?"

ಅಣ್ಣಾಸಾಬ ಫಕ್ಕನೆ ನಕ್ಕುಬಿಟ್ಟ. "ಆಯಿ ಅಂಟಿಗೂ ಕೊಸರ ಹಾಕ್ಯಾರೇನ್ರಿ!" ಪಾಪ, ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ.

ಆಯಿ ನಗಲಿಲ್ಲ. ಕೈಯ ಚೀಲ ಬಿಚ್ಚಿದರು. "ಅಳದದ್ದರ ಮ್ಯಾಲ ಒಂದೀಟ ಹಾಕದ ಬಿಟ್ಟ ಕೈ ಅಲ್ಲ ಯವ್ವಾ ಇದು. ನನಗ ತಿಳೀಲಿಲ್ಲ" ಎಂದಷ್ಟೇ ಹೇಳಿ ಎದ್ದರು. ಬಾಗಿಲಲ್ಲಿದ್ದ ಮಗನನ್ನು ದಾಟಿ ಒಳಗೆ ಹೋದರು. ಯಜಮಾನರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

ಆ ಡಬ್ಬಿಯ ಅಂಟನ್ನು ಬಿಟ್ಟು, ಹೊಸದಾಗಿ ನಾನೇ ಅಳೆದು ಕಲಸಿ ಸುರಿದೆ. ಮರುದಿನ ಬೆಳಗ್ಗೆ ಯಜಮಾನರು ಸ್ಕ್ರೂಡ್ರೈವರಿನ ಹಿಡಿಯಿಂದ ಜಾಯಿಂಟನ್ನು ಕುಟ್ಟಿ, "ಗಟ್ಟಿ ಐತಿ" ಎಂದರು. ಆಯಿ ಕಲಸಿದ ಸಣ್ಣ ಜಾಯಿಂಟುಗಳ ಚೀಟಿ ಹಿಡಿದು ರೈತರಿಗೆಲ್ಲ ಫೋನು ಮಾಡಿದೆವು. ನಾವಾಗಿ ಕರೆಸಿಕೊಂಡು ಒಂದೊಂದನ್ನೇ ಬಿಚ್ಚಿ ಮತ್ತೆ ಹಾಕಿಕೊಟ್ಟೆ. ಮೂರನೆಯದು ಸುಟ್ಟು ತಿರುಗಿ ಬರಲಿಲ್ಲ. ದೀಪಾವಳಿಗೆ ಅಂಗಳ ಬರಿದಾಯಿತು. ಯಜಮಾನರು ಗೇಟಿನ ಮಾತು ಮತ್ತೆ ಎತ್ತಲಿಲ್ಲ. ಅಂಗಡಿ ಉಳಿಯಿತು.

ಆದರೆ ನಾನು ಹೇಳಬೇಕಾದದ್ದು ಬೇರೆ. ನಾನು ಕೂಗಾಡಿದ ಮರುದಿನ ಸಂಜೆ ಎದುರುಮನೆಯ ಶಾಂತವ್ವ ಹಾಲಿಗೆ ಬಂದಳು. ಮದುವೆಯಾಗಿ ಬಂದಾಗಿನಿಂದ ನಮ್ಮಲ್ಲೇ ಹಾಲು ಒಯ್ಯುವವಳು. ಆಯಿ ಮಾಪು ತುಂಬಿ, ಅಂಚಿನವರೆಗೆ ಬಂದದ್ದನ್ನು ನೋಡಿ, ಅವಳ ಪಾತ್ರೆಗೆ ಸುರಿದರು. ಮಾಪನ್ನು ಕೆಳಗಿಟ್ಟರು. ಶಾಂತವ್ವ ಪಾತ್ರೆಯನ್ನು ಹಾಗೇ ಚಾಚಿಕೊಂಡು ನಿಂತಿದ್ದಳು. ಕೇಳಲಿಲ್ಲ, ಅದು ಕೇಳುವಂಥದ್ದೂ ಅಲ್ಲ. ಎಂದಿನಂತೆ ಬರುತ್ತದೆಂದು ನಿಂತಿದ್ದಳು, ಅಷ್ಟೇ.

"ಮುಗೀತವಾ. ಅಳತಿ ಸರಿ ಐತಿ" ಎಂದರು ಆಯಿ.

ಶಾಂತವ್ವ ನನ್ನ ಕಡೆ ನೋಡಿದಳು. ನಾನು ಅಡುಗೆಮನೆಯ ಬಾಗಿಲಲ್ಲೇ ಇದ್ದೆ. ತಪ್ಪಾಯಿತು ಆಯಿ, ಅಂಟಿನ ಮಾತು ಬೇರೆ, ಹಾಲಿನ ಮಾತು ಬೇರೆ ಎನ್ನಬೇಕಿತ್ತು. ಎರಡು ಹೆಜ್ಜೆ ಹೋಗಿ ಕೈ ಹಿಡಿಯಬೇಕಿತ್ತು. ನನಗೆ ಆ ಹೊತ್ತಿನಲ್ಲಿ ನಿಲ್ಲುವುದೇ ಕಷ್ಟವಾಗಿತ್ತು. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಬರಲಿಲ್ಲ. ಆಯಿ ಮತ್ತೆ ಯಾರಿಗೂ ಕೊಸರು ಹಾಕಲಿಲ್ಲ. ಮುಂದೆ ಅವರ ಕಣ್ಣು ಮಂದವಾಗಿ ಮಾಪು ನನ್ನ ಕೈಗೆ ಬಂದಾಗ, ನಾನೂ ಹಾಕಲಿಲ್ಲ. ಹಾಕಿದರೆ ಅವರ ಎದುರೇ ಅವರನ್ನು ಅಣಕಿಸಿದಂತೆ ಆದೀತೆಂದು ಹೆದರಿದೆ. ಓಣಿಯವರು ಪಾತ್ರೆಯನ್ನು ಬೇಗ ಹಿಂದೆ ತೆಗೆದುಕೊಳ್ಳುವುದನ್ನು ಕಲಿತರು.

ಕಳೆದ ವಾರ, ಸ್ಟೂಲಿನ ಮೇಲೆ ಕುಳಿತು ಪೇಢೆಯ ಪೆಟ್ಟಿಗೆಯಲ್ಲಿ ಕೈಯಾಡಿಸಿದೆ. ಅವತ್ತು ಸಂಜೆ ಆಯಿ ಕಲಸಿ, ನಾನು ಸುರಿಯದೆ ಬಿಟ್ಟ ಡಬ್ಬಿಯೂ ಅದರಲ್ಲಿತ್ತು. ಹೆಬ್ಬೆಟ್ಟು ಒತ್ತಿದೆ. ಇಷ್ಟು ವರ್ಷವಾದರೂ ಮೆತ್ತಗೇ ಇತ್ತು. ಅದನ್ನು ಹಿಡಿದುಕೊಂಡು ಹಿತ್ತಲಿಗೆ ಹೋದೆ. ಆಯಿ ಬಾಗಿಲ ಪಕ್ಕದ ಹೊರಸಿನ ಮೇಲೆ ಕುಳಿತಿದ್ದರು. ಕೈಗೆ ಕೊಟ್ಟೆ. ಬೆರಳಾಡಿಸಿ, ಮೂಸಿ ನೋಡಿದರು.

"ಜೇನ ಅಲ್ಲಲ್ಲ?" ಎಂದರು.

"ಅಲ್ರಿ ಆಯಿ. ನಿಮ್ಮ ಕೊಸರಿನ ಅಂಟ್ರಿ."

ಆಯಿ ಡಬ್ಬಿಯನ್ನು ಒತ್ತುತ್ತಾ ಕುಳಿತರು. "ಅವತ್ತ ನಾ ಹಂಗ ಅನ್ನಬಾರದಿತ್ರಿ. ನಾಲ್ಕ ಮಂದ್ಯಾಗ ಅಂದೆ. ತಪ್ಪಾತ್ರಿ" ಎಂದೆ. ಹೇಳಲು ಇಷ್ಟು ವರ್ಷ ಬೇಕಾಯಿತು.

ಆಯಿಗೆ ಕೇಳಿಸಿತೋ ಇಲ್ಲವೋ ಎಂದು ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಶಾಂತವ್ವ ಪಾತ್ರೆ ಹಿಡಿದು ಬಂದಳು. ಅವಳಿಗೂ ಈಗ ಕೂದಲು ಬೆಳ್ಳಗಾಗಿದೆ. ಮಾಪು ತುಂಬಿ ಸುರಿದೆ, ಅಳತೆಗೆ ಸರಿಯಾಗಿ. ಅವಳು ಪಾತ್ರೆ ಹಿಂದೆ ತೆಗೆದು, ಮುಚ್ಚಳ ಹಾಕಿ, ಆಗಲೇ ಎರಡು ಮೆಟ್ಟಿಲು ಇಳಿದಿದ್ದಳು.

"ಸುನಂದಾ," ಎಂದರು ಆಯಿ, ಡಬ್ಬಿಯಿಂದ ಕೈ ತೆಗೆಯದೆ. "ಆಕಿಗಿ ಇನ್ನೊಂದೀಟ ಹಾಕ."

ಶಾಂತವ್ವ ಮೆಟ್ಟಿಲ ಮೇಲೆಯೇ ನಿಂತಳು. ತಿರುಗಿ ಹತ್ತಿ ಬಂದು, ಪಾತ್ರೆಯ ಮುಚ್ಚಳ ತೆಗೆದಳು.